ಕೂತು ಹಾಡುವ ಪಾತ್ರ

ನಾಟಕದಲ್ಲಿ ಯಾರು ಯಾವ ಪಾತ್ರ ಮಾಡಬೇಕೆಂದು ಜಾತಿ ಕೇಳಿಕೊಂಡು ಕೂರುವ ಚಟ ನನಗಿಲ್ಲ. ಗುಲಾಮಹುಸೇನ ಅಂತ ನನ್ನ ಹೆಸರು, ಊರು ಕುಂದಗೋಳ. ನಲವತ್ತು ವರ್ಷದಿಂದ ಹಳ್ಳಿ ಹಳ್ಳಿ ತಿರುಗಿ ಸಂಗೀತ ನಾಟಕ ಕಲಿಸುತ್ತೇನೆ, ಹಾರ್ಮೋನಿಯಂ ಪೇಟಿ ಬಾರಿಸುತ್ತೇನೆ. ಗಣಪತಿಯ ನಾಂದಿ ಪದ ಶುರುವಾಗುವುದೇ ನನ್ನ ಪೇಟಿಯಿಂದ. ಅದಕ್ಕೆ ಇಲ್ಲಿಯವರೆಗೆ ಗಣಪತಿಯೂ ತಕರಾರು ಮಾಡಿಲ್ಲ.

ಆದರೂ ಸಂಶಿ ಊರಿನ ಹನಮಪ್ಪನಿಗೆ ಇಪ್ಪತ್ತೈದು ವರ್ಷ ಸೇವಕನ ಪಾತ್ರ ಕೊಟ್ಟವನು ನಾನೇ. ಜಾತಿ ಕೇಳಲಿಲ್ಲ, ನಿಜ. ಕೇಳದೆಯೇ ಗೊತ್ತಿತ್ತಲ್ಲ. ಅವನು ಊರಾಚೆಯ ದಲಿತರ ಓಣಿಯವನು. ಈಗ ಪಂಚಾಯತಿಯಲ್ಲಿ ನಳದ ನೀರು ಬಿಡುವ ಕೆಲಸ. ಅದಕ್ಕೂ ಮೊದಲು ಮಡಿವಾಳೆಪ್ಪಗೌಡರ ಹೊಲದಲ್ಲಿ ದುಡಿದವನು. ಕಂಠ ಅಂದರೆ ಕಂಠ, ಮೈಕು ಕೆಟ್ಟರೂ ಕೊನೆಯ ಸಾಲಿನವರಿಗೆ ಕೇಳಬೇಕು. ಅಂಥವನನ್ನು ಬಾಗಿಲಲ್ಲಿ ನಿಲ್ಲಿಸಿ ‘ಜೀ ಮಹಾಪ್ರಭು’ ಅನ್ನಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಈ ವರ್ಷ ತಾಲೀಮು ಶುರುವಾಗುವ ಮೊದಲು ಅವನೇ ಬಂದು ಕೇಳಿದ.

“ಮಾಸ್ತರ, ಇಷ್ಟ ವರ್ಷ ನಿಂತ ಹಾಡೇನ್ರಿ. ಒಂದ ಸಲಾ ಕುಂತ ಹಾಡಬೇಕ್ರಿ.”

ನಾಟಕದಲ್ಲಿ ಕೂತು ಹಾಡುವವನು ರಾಜ ಒಬ್ಬನೇ. ಕೊಟ್ಟೆ.

ರಾಜನ ಮಗನ ಪಾತ್ರ ಗೌಡರ ಮಗ ಪ್ರಭುವಿಗೆ ಬಂತು. ಹುಬ್ಬಳ್ಳಿಯ ಬ್ಯಾಂಕೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹುಡುಗ, ಒಳ್ಳೆಯವನು. ಕಥೆಯಲ್ಲಿ ಮಗ ಅಪ್ಪನೊಡನೆ ಜಗಳವಾಡಿ ಅರಮನೆ ಬಿಟ್ಟಿರುತ್ತಾನೆ. ಒಂದು ದಿನ ತಿರುಗಿ ಬಂದು, ಸಿಂಹಾಸನದಲ್ಲಿ ಕೂತ ಅಪ್ಪನ ಪಾದ ಮುಟ್ಟುತ್ತಾನೆ. ಆಗ ರಾಜ ‘ಬಾ ಮಗನೆ, ಬಾ ಮನೆಗೆ’ ಎಂದು ಹಾಡಬೇಕು.

ಪ್ರಭು ಮುಟ್ಟುತ್ತಾನೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು. ಮೊದಲ ತಾಲೀಮಿನಲ್ಲಿ ಅವನೇನೋ ಬಂದವನೇ ಸೀದಾ ಬಗ್ಗಿದ. ಹನಮಪ್ಪ ಖುರ್ಚಿಯಿಂದ ಎದ್ದುಬಿಟ್ಟ!

“ರಾಜಾ ಅದೀಯೋ, ಬಸ್‌ಸ್ಟ್ಯಾಂಡಿನ್ಯಾಗ ಕುಂತೀಯೋ?” ಎಂದು ಗದರಿದೆ.

ಇನ್ನೊಮ್ಮೆ ಮಾಡಿಸಿದೆ. ಪ್ರಭು ಬಗ್ಗಿದ, ಹನಮಪ್ಪ ಎದ್ದ. ಮೂರನೇ ಸಲ ಎರಡೂ ಕೈಯಿಂದ ಖುರ್ಚಿ ಹಿಡಿದು ಕೂತ. ಆಗ ಖುರ್ಚಿಯ ಸಮೇತ ಎದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಕಾಕಾ, ಕುಂದರ್ರಿ. ನಾ ಏನ್ ಕಚ್ಚತೇನೇನು?” ಎಂದ ಪ್ರಭು.

“ನಾ ಏಳಾಂಗಿಲ್ರಿ ಸಣ್ಣ ಗೌಡ್ರ. ಕಾಲ ಏಳತಾವು. ನಿಮ್ಮ ಮನಿಯಾವ್ರ ಮುಂದ ಅವು ಯಾವತ್ತೂ ಕುಂತಿಲ್ಲ.”

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮಾದೇವಿ, “ಮನ್ಯಾಗ ನಾ ಹತ್ತ ಸಲಾ ಕರದ್ರೂ ಏಳಾಂಗಿಲ್ಲ ಈ ಮನಷ್ಯಾ” ಅಂದಳು. ಮತ್ತೆ ಎಲ್ಲರೂ ನಕ್ಕರು, ಹನಮಪ್ಪ ಮಾತ್ರ ನಗಲಿಲ್ಲ.

ವಾರವಾಯಿತು, ಕಾಲು ಮಾತು ಕೇಳಲಿಲ್ಲ. ಮಂತ್ರಿಯ ಪಾತ್ರದ ಮುದಕಪ್ಪ ನನ್ನನ್ನು ಬಾಜೂಕ್ಕೆ ಕರೆದ. “ರಾಜಾನ ಪಾತ್ರ ನಾ ಮಾಡತೇನ್ರಿ. ಹನಮಪ್ಪ ಸೇವಕನ ಇರ್ಲಿ, ಅವಗ ರೂಢಿ ಐತಿ.” ಆಟಕ್ಕೆ ಹತ್ತೇ ದಿನ ಉಳಿದಿತ್ತು, ಹ್ಯಾಂಡ್‌ಬಿಲ್ ಅಚ್ಚಿಗೆ ಕೊಡಬೇಕಿತ್ತು. ಪಾದ ಮುಟ್ಟುವ ಸೀನನ್ನೇ ತೆಗೆದುಬಿಡೋಣವೇ ಎಂದು ಹನಮಪ್ಪನನ್ನು ಕೇಳಿದೆ.

“ಮಗಾ ಕಾಲ ಮುಟ್ಟಲಿಲ್ಲಂದ್ರ ನಾ ಎಂಥಾ ಅಪ್ಪ ಆದೆನ್ರಿ? ಬ್ಯಾಡ್ರಿ. ಪಾತ್ರಾನ ಮುದಕಪ್ಪಗ ಕೊಟ್ಟಬಿಡ್ರಿ” ಎಂದ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ತಬಲಾದ ಶಾಹಿದನಿಗೆ ಬೈದೆ.

ಕುಂದಗೋಳಕ್ಕೆ ಹೋಗುವ ಬಸ್ಸಿನಲ್ಲಿ ಉಪಾಯ ಹೊಳೆಯಿತು. ಪುಸ್ತಕದಲ್ಲಿ ಪಾದ ಮುಟ್ಟುವುದು ಮೊದಲು, ಹಾಡು ಆಮೇಲೆ. ಮರುದಿನ ಅದನ್ನು ಉಲ್ಟಾ ಮಾಡಿದೆ. ಮಗನನ್ನು ದೂರದಿಂದ ಕಂಡೊಡನೆ ರಾಜ ಹಾಡು ಎತ್ತಬೇಕು. ಹಾಡುವಾಗ ಹನಮಪ್ಪನಿಗೆ ಕಣ್ಣು ಮುಚ್ಚುವ ಅಭ್ಯಾಸ. ಅವನು ಯಮನ್ ರಾಗದ ಆಲಾಪದಲ್ಲಿದ್ದಾಗ ಪ್ರಭು ಬಂದು ಮೆಲ್ಲಗೆ ಪಾದ ಮುಟ್ಟಿದ. ರಾಜ ಮಿಸುಕಲಿಲ್ಲ.

ಹಾಡು ಮುಗಿದ ಮೇಲೆ, “ಮುಟ್ಟಿದ್ರೇನ್ರಿ?” ಎಂದು ಕೇಳಿದ.

“ಹೂಂ, ಮುಟ್ಟಿದೆ ಕಾಕಾ.”

ಹನಮಪ್ಪ ತನ್ನ ಕಾಲು ನೋಡಿಕೊಂಡ. “ನನಗ ಗೊತ್ತಾಗಲೇ ಇಲ್ಲ ನೋಡ್ರಿ” ಎಂದ. ನಾನು ಗೆದ್ದೆ ಅಂದುಕೊಂಡು ಹ್ಯಾಂಡ್‌ಬಿಲ್ ಅಚ್ಚಿಗೆ ಕೊಟ್ಟೆ.

ಆಟದ ದಿನ ಸಂಜೆ ಶಾಲೆಯ ಬಯಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಮಡಿವಾಳೆಪ್ಪಗೌಡರು. ಮೊದಲ ಅಂಕದಲ್ಲೇ ನಮ್ಮ ಸೀನು. ಹನಮಪ್ಪ ಕಣ್ಣು ಮುಚ್ಚಿ ಹಾಡಿದ, ಪ್ರಭು ಬಂದು ಪಾದ ಮುಟ್ಟಿದ. ಎಲ್ಲ ಸಾಂಗವಾಗಿ ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಹೆಂಗಸರ ಕಡೆಯಿಂದ ಮಾದೇವಿ ಕೂಗಿದಳು.

“ವನ್ಸ್ ಮೋರ್!”

ಹಿಂದೆಯೇ ಅರ್ಧ ಬಯಲು ಕೂಗಿತು. ನಮ್ಮ ಕಡೆ ವನ್ಸ್ ಮೋರ್ ಬಿದ್ದರೆ ಇಲ್ಲ ಅನ್ನುವಂತಿಲ್ಲ. ಹಾಡೂ ಮತ್ತೆ ಆಗಬೇಕು, ಸೀನೂ ಮತ್ತೆ ಆಗಬೇಕು. ಪ್ರಭು ಒಮ್ಮೆ ಮುಂದಿನ ಸಾಲಿನಲ್ಲಿದ್ದ ತನ್ನ ಅಪ್ಪನ ಕಡೆ ನೋಡಿದ. ಗೌಡರು ಎದ್ದು ಹೋಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಪ್ರಭು ಪರದೆಯ ಹಿಂದೆ ಹೋಗಿ ಮತ್ತೆ ಬಂದ.

ನಾನು ಸ್ವರ ಕೊಟ್ಟೆ. ಹನಮಪ್ಪ ಹಾಡು ಎತ್ತಲಿಲ್ಲ. ಇನ್ನೊಮ್ಮೆ ಕೊಟ್ಟೆ, ಎತ್ತಲಿಲ್ಲ. ಕಣ್ಣು ತೆರೆದೇ ಇತ್ತು.

ಪ್ರಭು ಹತ್ತಿರ ಬಂದ. ಹನಮಪ್ಪ ಅವನನ್ನೇ ನೋಡುತ್ತ, ಸಿಂಹಾಸನದ ಕೆಳಗೆ ಮಡಚಿಕೊಂಡಿದ್ದ ಎರಡೂ ಕಾಲುಗಳನ್ನು ನಿಧಾನವಾಗಿ ಮುಂದಕ್ಕೆ ಚಾಚಿದ. ಪ್ರಭು ಬಗ್ಗಿ ಮುಟ್ಟಿದ. ಅವನು ಮುಟ್ಟಿ ಮುಗಿಸುವವರೆಗೂ ಹನಮಪ್ಪ ಕಾದ. ತಲೆಯ ಮೇಲೆ ಕೈ ಇಟ್ಟ. ಆಮೇಲೆ, ಕೂತಲ್ಲಿಂದಲೇ, ‘ಬಾ ಮಗನೆ’ ಎಂದು ಎತ್ತಿದ.

“ಮಾಸ್ತರ, ಸೂರ್ ತಪ್ಪತು” ಎಂದು ಶಾಹಿದ್ ಪಿಸುಗುಟ್ಟಿದ. ನನ್ನ ಪೇಟಿ ತಪ್ಪಿದ್ದು ನಿಜ. ಎರಡೂ ಕೈ ಪೇಟಿಯ ಮೇಲಿದ್ದವು, ಕಣ್ಣು ಒರೆಸಿಕೊಳ್ಳಲು ಬಿಡುವಿರಲಿಲ್ಲ.