ಟೀ ಜತೆ ಕೊಟ್ಟ ಮಾತ್ರೆ

ನಮ್ಮ ಹೊಲಿಗೆ ಫ್ಯಾಕ್ಟರಿಯ ಹೆಂಗಸರಿಗೆಲ್ಲ ರಕ್ತ ಕಡಿಮೆಯಿದೆಯೆಂದು ಕಬ್ಬಿಣದ ಮಾತ್ರೆ ಕೊಡಲು ಶುರುಮಾಡಿದರು. ನಾವು ನುಂಗುವುದು ಫ್ಯಾಕ್ಟರಿಯವರ ಕಣ್ಣಿಗೆ ಬೀಳಬೇಕು, ಆದರೆ ಮಷಿನ್ ನಿಲ್ಲಬಾರದು. ಹಾಗಾಗಿ ಟೀ ಬಿಡುವಿನಲ್ಲೇ, ಸೂಪರ್‌ವೈಸರ್ ಎದುರಿಗೆ, ಟೀ ಜತೆಗೇ ನುಂಗಿಸುತ್ತಿದ್ದರು. ನುಂಗಿದ ಮೇಲೆ ಮಕ್ಕಳ ಹಾಗೆ ಬಾಯಿ ತೆರೆದು ತೋರಿಸಬೇಕಿತ್ತು.

ಕೆಲವು ತಿಂಗಳಾದ ಮೇಲೆ ಮತ್ತೆ ರಕ್ತಪರೀಕ್ಷೆ ಮಾಡಿದರು. ಯಾರಿಗೂ ಹೆಚ್ಚಿರಲಿಲ್ಲ.

“ಬಿಟ್ಟಿ ಕೊಟ್ರೆ ಹೀಗೇ. ನಾಲಿಗೆ ಕೆಳಗಿಟ್ಕೊಂಡು ಆಮೇಲೆ ಉಗೀತಾರೆ,” ಎಂದ ಮ್ಯಾನೇಜರ್.

ಫ್ಯಾಕ್ಟರಿಯ ನರ್ಸಮ್ಮನಿಗೆ ತಡೆಯಲಾಗಲಿಲ್ಲ. “ಉಗೀತಿಲ್ಲ ಸಾರ್. ಟೀ ಜತೆ ತಗೊಂಡ್ರೆ ಕಬ್ಬಿಣ ಮೈಗೆ ಹತ್ತಲ್ಲ. ಹಾಲಲ್ಲಿರೋ ಕ್ಯಾಲ್ಸಿಯಂ ಕೂಡ ಅಡ್ಡ ಬರುತ್ತೆ. ನಿಂಬೆರಸದ ಜತೆ ಕೊಡಿ, ಅದ್ರಲ್ಲಿರೋ ವಿಟಮಿನ್ ಸಿಯಿಂದ ಚೆನ್ನಾಗಿ ಹತ್ತುತ್ತೆ. ಟೀ ಒಂದೆರಡು ಗಂಟೆ ಬಿಟ್ಟು ಕುಡೀಲಿ.”

ನಿಂಬೆರಸದ ಮಾತನ್ನು ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಮರುದಿನದಿಂದ ಟೀ ಬಂದ್. ಟೀಯೇ ಇಲ್ಲವೆಂದ ಮೇಲೆ ಬಿಡುವು ಯಾಕೆ? ಮಾತ್ರೆಯೂ ನೀರೂ ಮಷಿನ್ ಹತ್ತಿರಕ್ಕೇ ಬರತೊಡಗಿದವು. ಒಂದು ಕೈಯಲ್ಲಿ ಮಾತ್ರೆ ಬಾಯಿಗೆ ಹಾಕಿಕೊಂಡು ಇನ್ನೊಂದರಲ್ಲಿ ಕಾಲರ್ ತಿರುಗಿಸುತ್ತೇವೆ. ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಮಗಿದ್ದದ್ದು ಆ ಹತ್ತು ನಿಮಿಷವೊಂದೇ.

ಅಂದಿನಿಂದ ನಾವ್ಯಾರೂ ನರ್ಸಮ್ಮನನ್ನು ಮಾತಾಡಿಸುವುದಿಲ್ಲ. ಆಕೆ ಎದುರಾದರೆ ಮುಖ ತಿರುಗಿಸುತ್ತೇವೆ. ಮ್ಯಾನೇಜರ್ ಎದುರಾದರೆ ನಗುನಗುತ್ತಲೇ ನಮಸ್ಕಾರ ಮಾಡುತ್ತೇವೆ.