ನಿಧಾನಪ್ಪನ ಅರ್ಧ ಕೆಲಸ

ನನ್ನ ಗಂಡನಿಗೆ ಬಾಯಿಯಲ್ಲಿ ಟಾರ್ಚ್ ಕಚ್ಚಿಕೊಂಡು ಮಾತಾಡಲು ಬರುತ್ತಿತ್ತು. ಬೇರೆಯವರು ಹಾಗೆ ಮಾತಾಡಿದರೆ ಜೊಲ್ಲು ಸುರಿಯುತ್ತದೆ, ಮಾತು ತಿಳಿಯುವುದಿಲ್ಲ. ಅವರದು ತಿಳಿಯುತ್ತಿತ್ತು. ಏಕೆಂದರೆ ಅವರು ಹೇಳುತ್ತಿದ್ದುದು ಹೆಚ್ಚಾಗಿ ಎರಡೇ ಪದ: “ಬಲವಂತ ಬೇಡ.” ಅವರ ಆಯುಸ್ಸಿನ ಕಡೆಯ ಪೂರ್ತಿ ದಿನ, ಒಂದು ಬುಧವಾರ, ಬೆಳಿಗ್ಗೆ ಏಳೂವರೆಗೆ ಮಹಡಿ ಮನೆಯ ಟೀಚರಿಗೂ ಅದನ್ನೇ ಹೇಳಿದರು.

ಟೀಚರ್ ಕೆಳಗೆ ಕಾರಿನಲ್ಲಿ ಕೂತು ಕೀಯನ್ನು ತಿರುಚುತ್ತಿದ್ದರು. ಅದು ಅಲ್ಲಾಡುತ್ತಿರಲಿಲ್ಲ.

“ಅಣ್ಣಾ, ಎಂಟಕ್ಕೆ ಪರೀಕ್ಷೆ ಡ್ಯೂಟಿ ನಂಗೆ! ಈ ದರಿದ್ರದ್ದು ತಿರುಗ್ತಾನೇ ಇಲ್ಲ!”

“ಬಲವಂತ ಬೇಡ ಟೀಚರ್. ಬೈಬೇಡಿ, ಅದಕ್ಕೂ ಕಿವಿ ಇದೆ.”

ಟೀ ಲೋಟವನ್ನು ನನ್ನ ಕೈಗೆ ಕೊಟ್ಟು ಹೋಗಿ, ಟೀಚರನ್ನು ಇಳಿಸಿ ತಾವು ಕೂತರು. ಎಡಗೈಯಲ್ಲಿ ಸ್ಟೇರಿಂಗನ್ನು ತುಸು ಆ ಕಡೆ ಈ ಕಡೆ ಆಡಿಸಿ, ಬಲಗೈಯ ಎರಡೇ ಬೆರಳಲ್ಲಿ ಕೀ ತಿರುಗಿಸಿದರು. ಕಾರು ಚಾಲೂ ಆಯಿತು.

“ಅಯ್ಯೋ, ಇಷ್ಟೇನಾ?”

“ಇಷ್ಟೇ. ಚಕ್ರ ಓರೆ ಮಾಡಿ ನಿಲ್ಲಿಸಿದ್ರಿ, ಮುನಿಸ್ಕೊಂಡಿತ್ತು. ಆದ್ರೆ ಈ ಗೊಂಚಲು ತೆಗೀರಿ. ಮನೆ ಕೀ, ಬೀರು ಕೀ, ಇದೊಂದು ಗೊಂಬೆ ಬೇರೆ. ಇಷ್ಟು ಭಾರ ನೇತುಹಾಕಿದ್ರೆ ನಿಮ್ಮ ಕಿವೀನೂ ಹರಿದುಹೋಗತ್ತೆ.”

ಟೀಚರ್ ನಕ್ಕು ಹೊರಟುಹೋದರು. ಇವರು ಮಾತ್ರ ಆ ಕಾರು ತಿರುವು ದಾಟುವವರೆಗೂ ನೋಡುತ್ತಾ ನಿಂತರು. ಟೀ ಆರಿಹೋಗಿತ್ತು.

ಅವರ ಕೆಲಸ ಅದೇ. ಕಾರಿನ ಕೀ ಸಿಕ್ಕಿಕೊಂಡರೆ, ಇಗ್ನಿಷನ್ ಸವೆದು ತಿರುಗದೆ ಹೋದರೆ, ಜನ ಫೋನ್ ಮಾಡುತ್ತಿದ್ದರು. ಅಂಗಡಿ ಎಂಬುದು ಇರಲಿಲ್ಲ. ಕಾರು ಎಲ್ಲಿ ನಿಂತಿದೆಯೋ ಅಲ್ಲಿಗೆ ಚೀಲ ಹೊತ್ತು ಹೋಗುವುದು. ಆಸ್ಪತ್ರೆಯ ಮುಂದೆ, ಮಾರುಕಟ್ಟೆಯ ಹಿಂದೆ, ಯಾರದೋ ಗೇಟಿಗೆ ಅಡ್ಡವಾಗಿ. ಚೀಲ ಹೊತ್ತು ಹೊತ್ತು ಬಲಭುಜ ಇಳಿದಿತ್ತು. ಚೀಲ ಇಲ್ಲದಾಗಲೂ ಯಾರದೋ ಮಾತಿಗೆ ಬಗ್ಗಿ ಕಿವಿಗೊಟ್ಟವರ ಹಾಗೆ ಓರೆಯಾಗಿ ನಡೆಯುತ್ತಿದ್ದರು. ಸುಡುಬಿಸಿಲಲ್ಲೂ ಒಂದು ದಪ್ಪ ನೀಲಿ ಕೋಟು. ಅದಕ್ಕೆ ಆರು ಜೇಬು, ಎರಡನ್ನು ನಾನೇ ಹೊಲಿದುಕೊಟ್ಟಿದ್ದೆ. ಒಂದರಲ್ಲಿ ಅರ, ಒಂದರಲ್ಲಿ ಚಿಮಟ, ಒಂದರಲ್ಲಿ ಪೆನ್ಸಿಲ್ ಕಡ್ಡಿ ಅರೆದ ಕಪ್ಪು ಪುಡಿಯ ಡಬ್ಬಿ. ಬೀಗಕ್ಕೆ ಎಣ್ಣೆ ಹಾಕಬಾರದು, ಈ ಪುಡಿಯನ್ನೇ ಊದಬೇಕು ಎಂದು ಅವರ ಹಟ. ಒಬ್ಬರು ದೊಡ್ಡ ಮನುಷ್ಯರು ಅಡಿಗೆ ಎಣ್ಣೆ ಸುರಿದು ಕಾರನ್ನು ಕೆಡಿಸಿಕೊಂಡಿದ್ದರಂತೆ. “ಬಾಣಲೆ ಅಂದ್ಕೊಂಡ್ರಾ ಸಾರ್?” ಎಂದು ಇವರು ಕೇಳಿದ್ದಕ್ಕೆ, ಅವರು ಸಿಟ್ಟಾಗಿ ಬೇರೆಯವರನ್ನು ಕರೆಸಿ, ಸಂಜೆಗೆ ಮತ್ತೆ ಇವರನ್ನೇ ಕರೆಸಿದರಂತೆ.

ಜನ ಇವರಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದರು. ಬೇರೆಯವರು ಅರ್ಧ ಗಂಟೆಯಲ್ಲಿ ಮುಗಿಸುವುದಕ್ಕೆ ಇವರಿಗೆ ಎರಡು ಗಂಟೆ ಬೇಕು. ಮೊದಲು ಕಾರಿನ ಕಾಗದ ನೋಡಬೇಕು. ಕಾರು ಕರೆದವನದೇ ಎಂದು ಗೊತ್ತಾಗದೆ ಬೀಗ ಮುಟ್ಟುತ್ತಿರಲಿಲ್ಲ. ನನ್ನ ತಮ್ಮನ ಕಾರು ಕೈಕೊಟ್ಟಾಗ ಅವನನ್ನೂ ಕಾಗದ ಕೇಳಿದರು. “ಭಾವಾ, ನಾನು ಯಾರೂಂತ ಗೊತ್ತಿಲ್ವಾ ನಿಮ್ಗೆ?” ಎಂದ. “ನೀನು ಗೊತ್ತು. ಕಾರು ಗೊತ್ತಿಲ್ಲ” ಎಂದರು. ಅವನು ಮೂರು ತಿಂಗಳು ಮಾತು ಬಿಟ್ಟಿದ್ದ.

ಆಮೇಲೆ ಎಣಿಸುವುದು. ಕಾರಿನ ಬೀಗದ ಒಳಗೆ ತೆಳುವಾದ ಹಿತ್ತಾಳೆ ಬಿಲ್ಲೆಗಳಿರುತ್ತವೆ, ಕೀಯ ಹಲ್ಲಿಗೆ ಸರಿಯಾಗಿ ಎದ್ದು ಬಿದ್ದು ಕೂರುತ್ತವೆ. ಸವೆದ ಬಿಲ್ಲೆಗೆ ಹೊಸದನ್ನು ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಬೇಕು, ಅದು ಹೊತ್ತು ಹಿಡಿಯುವ ಕೆಲಸ. ಸವೆದದ್ದನ್ನು ಕಿತ್ತು ಹಾಗೇ ಮುಚ್ಚಿಬಿಟ್ಟರೂ ಕೀ ಬೆಣ್ಣೆಯಂತೆ ತಿರುಗುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಬಹಳ ಜನ ಹಾಗೆ ಮಾಡುತ್ತಾರಂತೆ. ಇವರು ಅದನ್ನು ಬೊಚ್ಚುಬಾಯಿ ಬೀಗ ಎನ್ನುತ್ತಿದ್ದರು. ಬಿಚ್ಚುವಾಗ ಗಟ್ಟಿಯಾಗಿ ಎಣಿಸುವರು, ಮುಚ್ಚುವಾಗಲೂ ಎಣಿಸುವರು. ತೆಗೆದದ್ದು ಹತ್ತು, ಹಾಕಿದ್ದು ಹತ್ತು. ಇಪ್ಪತ್ತಾರು ವರ್ಷದಲ್ಲಿ ಆ ಲೆಕ್ಕ ತಪ್ಪಲಿಲ್ಲ.

ಇಷ್ಟೆಲ್ಲ ಏಕೆಂದರೆ ಅವರು ಭಯದ ಮನುಷ್ಯ. ಬೊಚ್ಚುಬಾಯಿ ಬೀಗ ಕೀಯನ್ನು ಕಚ್ಚಿ ಹಿಡಿಯುವುದಿಲ್ಲ. ಓಡುತ್ತಿರುವ ಕಾರಿನಲ್ಲಿ ಕೀ ಜಾರಿತು, ಬೀಗ ಹಿಂದಕ್ಕೆ ಹೊರಳಿತು ಎಂದರೆ, ಕಳ್ಳರಿಗೆಂದು ಇಟ್ಟ ಒಂದು ಚಿಲಕ ಒಳಗಿನಿಂದ ಬಂದು ಸ್ಟೇರಿಂಗನ್ನು ಹಿಡಿದುಬಿಡುತ್ತದೆ. ಆಮೇಲೆ ಕಾರು ಹೋದದ್ದೇ ದಾರಿ. ಊಟಕ್ಕೆ ಕೂತವರು ಅರ್ಧಕ್ಕೆ ಎದ್ದು ಯಾರಿಗೋ ಫೋನ್ ಮಾಡಿ, “ಸರಿಯಾಗಿ ತಿರುಗ್ತಾ ಇದೆಯಾ? ಜಾರ್ತಾ ಇಲ್ವಲ್ಲಾ?” ಎಂದು ಕೇಳುತ್ತಿದ್ದರು. ಸುಮ್ಮನೆ ಕೂತಾಗಲೂ ಬಲಗೈಯ ಹೆಬ್ಬೆರಳು ತೋರುಬೆರಳು ಇಲ್ಲದ ಕೀಯನ್ನು ತಿರುಗಿಸುತ್ತಲೇ ಇರುತ್ತಿದ್ದವು. ಆ ಭಯ ನನಗೂ ಅಂಟಿತ್ತು. ಒಂದೇ ಒಲೆಯ ಹೊಗೆ ಇಬ್ಬರಿಗೂ ತಾಗುತ್ತದಲ್ಲ, ಹಾಗೆ.

ಆ ಬುಧವಾರ ನನ್ನ ಅಕ್ಕ ಆಸ್ಪತ್ರೆಯಲ್ಲಿದ್ದಳು. ನಾಲ್ಕರಿಂದ ಐದರವರೆಗೆ ನೋಡಲು ಬಿಡುತ್ತಿದ್ದರು. ಎರಡಕ್ಕೆ ಬರುತ್ತೇನೆಂದು ಹೇಳಿ ಟ್ಯಾಕ್ಸಿ ನಿಲ್ದಾಣಕ್ಕೆ ಒಂದು ಕಾರಿನ ಬೀಗ ನೋಡಲು ಹೋದವರು ಎರಡೂವರೆಯಾದರೂ ಬರಲಿಲ್ಲ. ನಾನು ಫೋನ್ ಮಾಡಿದೆ. ಮತ್ತೆ ಮಾಡಿದೆ. ಮೂರನೆಯ ಸಲ, “ರೀ, ಅಕ್ಕ ಸತ್ತ ಮೇಲೆ ನೋಡೋಕೆ ಹೋಗೋಣ ಅಂತಿದೀರಾ?” ಎಂದೆ. ಅದು ನಾನು ಆಡಿದ ಮಾತು. ಅಕ್ಕ ಈಗ ಗುಂಡುಕಲ್ಲಿನ ಹಾಗಿದ್ದಾಳೆ.

ಅವರು ಬಂದರು. ಆಸ್ಪತ್ರೆಯ ಬಸ್ಸು ಹತ್ತಿದೆವು. ಅವರ ಬೆರಳು ಆಡುತ್ತಿರಲಿಲ್ಲ, ಕೈ ಕೋಟಿನ ಜೇಬಿನೊಳಗಿತ್ತು. ನನ್ನ ಮೇಲಿನ ಸಿಟ್ಟು ಎಂದುಕೊಂಡು ನಾನು ಕಿಟಕಿಯ ಕಡೆ ತಿರುಗಿ ಕೂತೆ. ಗುರುವಾರ ಬೆಳಿಗ್ಗೆ ಆರೂವರೆಗೆ ಕೋಟು ಹಾಕಿಕೊಂಡು, ಬಾಗಿಲ ಮೆಟ್ಟಿಲ ಮೇಲೆ ಕೂತು, ಒಂದು ಬೂಟು ಹಾಕಿಕೊಂಡರು. ಇನ್ನೊಂದು ಕೈಯಲ್ಲೇ ಇತ್ತು. “ಏನೇ” ಎಂದರು. ನಾನು ಒಲೆ ಸಣ್ಣ ಮಾಡಿ ಬರುವುದರೊಳಗೆ ಗೋಡೆಗೆ ಒರಗಿದ್ದರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಹದಿನೈದನೆಯ ದಿನ ಕೋಟು ಒಗೆಯಲು ಜೇಬು ಬರಿದು ಮಾಡಿದೆ. ಒಳಜೇಬಿನಲ್ಲಿ ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಸವೆದ ಹಿತ್ತಾಳೆ ಬಿಲ್ಲೆ ಎರಡು. ಜೊತೆಗೆ ಕಿರುಬೆರಳಿನಷ್ಟು ಒಂದು ಕಬ್ಬಿಣದ ತುಂಡು. ಅದು ಏನೆಂದು ತಿಳಿಯಲಿಲ್ಲ. ಕಾಗದದ ಮೇಲೆ ಅವರ ಅಕ್ಷರ: ಹತ್ತು, ಎಂಟು.

ನಾನು ಹೆಚ್ಚು ಓದಿದವಳಲ್ಲ. ಹತ್ತರಲ್ಲಿ ಎರಡು ಕಳೆಯಲು ಬರುತ್ತದೆ. ಬಚ್ಚಲ ಕಲ್ಲಿನ ಮೇಲೆ ಹಾಗೇ ಕೂತೆ. ಮೂರು ಸಲ ಫೋನ್ ಮಾಡಿ ನಾನು ಕೆಲಸದಿಂದ ಎಬ್ಬಿಸಿದ್ದೆ. ಅವರು ಎರಡು ಬಿಲ್ಲೆ ಬಿಟ್ಟು ಮುಚ್ಚಿ ಬಂದಿದ್ದರು. ಆ ಟ್ಯಾಕ್ಸಿ ಹದಿನೈದು ದಿನದಿಂದ ಯಾರ್‍ಯಾರನ್ನೋ ಕೂರಿಸಿಕೊಂಡು ಓಡುತ್ತಿದೆ.

ಅವರ ಫೋನ್ ಆ ಗುರುವಾರದಿಂದಲೂ ಸತ್ತು ಬೀರುವಿನಲ್ಲಿತ್ತು. ಮಗಳು ಚಾರ್ಜಿಗೆ ಹಾಕಿದಳು. ಆರಿದ್ದಾಗ ಬಂದ ಕರೆಗಳ ಮೆಸೇಜು ಬಿತ್ತು: ಒಂದೇ ನಂಬರಿನಿಂದ ಇಪ್ಪತ್ತಮೂರು ಕರೆ, ಎಲ್ಲವೂ ಮೊದಲ ವಾರದವು. ಆಮೇಲೆ ಒಂದೂ ಇಲ್ಲ.

“ಆ ಟ್ಯಾಕ್ಸಿಯವನೇ ಇರ್ಬೇಕು. ಯಾಕೆ ನಿಲ್ಲಿಸಿದಾನೆ?” ಎಂದೆ.

“ಬೇಜಾರಾಗಿ ನಿಲ್ಲಿಸಿರ್ತಾನೆ ಬಿಡಮ್ಮ.”

“ಸತ್ತಿದ್ರೆ?”

“ಅಮ್ಮಾ, ಸುಮ್ನಿರು.”

ಆ ನಂಬರಿಗೆ ಮಾಡಿದರೆ ಸ್ವಿಚ್ ಆಫ್. ಮಗಳ ಕೈಯಲ್ಲಿ ಹಳೆಯ ಪೇಪರುಗಳನ್ನೆಲ್ಲ ಓದಿಸಿದೆ. ಎಲ್ಲಿ ಅಪಘಾತವೆಂದು ಬಂದರೂ, ಯಾವ ಗಾಡಿ, ಯಾವ ಗಾಡಿ ಎಂದು ಕೇಳಿದೆ. ಬೀದಿಯಲ್ಲಿ ಆಂಬುಲೆನ್ಸ್ ಕೂಗಿದರೆ ಬಾಗಿಲಿಗೆ ಓಡಿ ನೋಡುತ್ತಿದ್ದೆ. ಮರುದಿನ ಪೊಟ್ಟಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ನಿಲ್ದಾಣಕ್ಕೆ ಹೋದೆ. ಆ ಡ್ರೈವರ್ ಎರಡು ದಿನದಿಂದ ಬಂದಿಲ್ಲ ಎಂದರು. ಮಾರನೆಯ ದಿನ ಮತ್ತೆ ಹೋದೆ. ಮನೆಯಿಂದ ಅಲ್ಲಿಗೆ ಎಷ್ಟು ಹೊತ್ತು ಹಿಡಿಯಿತೋ, ಕಾಲು ನೆಲ ಮುಟ್ಟಿತೋ ಇಲ್ಲವೋ, ನೆನಪಿಲ್ಲ.

ಅವನಿದ್ದ. ಐವತ್ತರ ಆಳು. ಬಾನೆಟ್ಟಿಗೆ ಒರಗಿ ಸೊಂಟ ಒತ್ತಿಕೊಳ್ಳುತ್ತಿದ್ದ. ನಾನು ನಿಧಾನಪ್ಪನ ಹೆಂಡತಿ ಎಂದ ಕೂಡಲೇ ಹರಿಹಾಯ್ದ.

“ಚೆನ್ನಾಗಿ ಕೈಕೊಟ್ರು ಕಣಮ್ಮ ನಿಮ್ಮ ಯಜಮಾನ್ರು! ನಾಳೆ ಬೆಳಿಗ್ಗೆ ಏಳಕ್ಕೆ ಬಂದು ಮುಗಿಸಿಕೊಡ್ತೀನಿ ಅಂದವ್ರು ಪತ್ತೇನೇ ಇಲ್ಲ. ಫೋನ್ ಸಿಗಲ್ಲ. ಎಂಥಾ ಜನ!”

“ಹೊರಟಿದ್ರಪ್ಪ. ಬೂಟು ಹಾಕ್ಕೊಳ್ತಾ ಹೋಗ್ಬಿಟ್ರು.”

ಅವನು ಬಾನೆಟ್ಟಿನಿಂದ ಎದ್ದು ನೆಟ್ಟಗೆ ನಿಂತ. ಆಮೇಲೆ ತಲೆಯ ಟೋಪಿ ತೆಗೆದ. ಕಾರಿನ ಬಾಗಿಲು ತೆಗೆದು, “ಕೂತ್ಕೊಳಿ ಅಕ್ಕಾ” ಎಂದ.

ನಾನು ಪೊಟ್ಟಣ ಬಿಚ್ಚಿದೆ. “ಎಷ್ಟು ಬಿಲ್ಲೆ ಹಾಕಿದ್ರು?”

“ಎಂಟು. ನನ್ ಮುಂದೇನೇ ಎಣಿಸಿದ್ರು. ತೆಗೆದದ್ದು ಹತ್ತು, ಹಾಕಿದ್ದು ಎಂಟು ಅಂತ ಎರಡೆರಡು ಸಲ ಅಂದ್ರು, ಯಾರೋ ಹೊಡೆದೋರ ಹಾಗೆ ಮುಖ ಮಾಡ್ಕೊಂಡು. ಅಳತೆಯ ಬಿಲ್ಲೆ ಇರ್ಲಿಲ್ಲ, ಉಜ್ಜೋಕೆ ಕೂತಿದ್ರು. ಅಷ್ಟರಲ್ಲಿ ಫೋನ್ ಬಂತು.”

“ನನ್ನದು.”

“ಮೂರು ಸಲ ಬಂತು.” ಅವನು ನನ್ನನ್ನು ನೋಡಲಿಲ್ಲ. “ಎದ್ರು. ಚೀಲ ಹೆಗಲಿಗೆ ಹಾಕ್ಕೊಂಡ್ರು. ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದ್ರು. ಟಾರ್ಚ್ ಬಾಯಿಗಿಟ್ಕೊಂಡು ಮತ್ತೆ ಒಳಗೆ ತೂರಿ, ಇದನ್ನ ಕಿತ್ತು ಜೇಬಿಗೆ ಹಾಕ್ಕೊಂಡ್ರು.” ಕಬ್ಬಿಣದ ತುಂಡನ್ನು ಬೆರಳಿಂದ ತೋರಿಸಿದ. “ಸ್ಟೇರಿಂಗ್ ಹಿಡಿಯೋ ಚಿಲಕ ಇದು. ನಾನು ಏನ್ರೀ ಇದು ಅಂದೆ. ‘ಇದು ಒಳಗಿಲ್ದಿದ್ರೆ ಕೀ ಜಾರಿದ್ರೂ ಸ್ಟೇರಿಂಗ್ ಹಿಡಿಯಲ್ಲ. ಕಾರು ಕಳ್ಳ ಹೊಡ್ಕೊಂಡು ಹೋಗ್ಬಹುದು, ಹೋದ್ರೆ ಹೋಗ್ಲಿ, ಜೀವ ಉಳಿಯತ್ತೆ. ಇದು ನನ್ನ ಜೇಬಲ್ಲಿದ್ರೆ ನಂಗೆ ನಿದ್ದೆ ಬರತ್ತೆ’ ಅಂದ್ರು.”

ಆ ರಾತ್ರಿ ಅವರು ಗೊರಕೆ ಹೊಡೆದು ಮಲಗಿದ್ದು ನನಗೆ ನೆನಪಿದೆ. ಅದನ್ನು ಅವನಿಗೆ ಹೇಳಿದೆ.

“ನಂಗೆ ನಿದ್ದೆ ಬರ್ಲಿಲ್ಲ ಅಕ್ಕಾ” ಎಂದ. “ಯಾವ ಕೀ ಹಾಕಿದ್ರೂ ತಿರುಗತ್ತೆ ಈ ಗಾಡಿ. ಕಳ್ಳನ ಭಯಕ್ಕೆ ಅವತ್ತಿಂದ ಕಾರಲ್ಲೇ ಮಲಗ್ತಿದೀನಿ. ಸೊಂಟ ಹಿಡ್ಕೊಂಡು ಎರಡು ದಿನ ಏಳೋಕಾಗ್ಲಿಲ್ಲ, ಫೋನೂ ಆರಿಸಿಟ್ಟಿದ್ದೆ. ಹೆಂಡ್ತಿ ಕೇಳ್ತಾಳೆ, ನನ್ನ ಕಟ್ಕೊಂಡಿದೀಯೋ ಕಾರನ್ನೋ ಅಂತ.”

ನನಗೆ ನಗು ಬಂತು. ಹದಿನೇಳು ದಿನದಲ್ಲಿ ಮೊದಲ ಸಲ. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅವನು ಕಿಟಕಿ ಏರಿಸಿ ಕೆಳಗಿಳಿದು, ಯಾರೂ ಹತ್ತಿರ ಬರದಂತೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಮರುದಿನ ಇನ್ನೊಬ್ಬ ರಿಪೇರಿಯವನನ್ನು ಕರೆಸಿದೆವು. ಅವನು ಬಿಚ್ಚಿ ನೋಡಿ, “ಎರಡು ಇಲ್ದಿದ್ರೂ ನಡೆಯತ್ತಮ್ಮ, ನೋಡಿ ಎಷ್ಟು ಸಲೀಸಾಗಿ ತಿರುಗತ್ತೆ” ಎಂದ.

“ಹಾಕು” ಎಂದೆ.

“ಎರಡು ಗಂಟೆ ಹಿಡಿಯತ್ತೆ.”

“ನಂಗೆ ಎಲ್ಲಿಗೂ ಹೋಗ್ಬೇಕಿಲ್ಲ. ಹಾಕಪ್ಪ.”

ಹಾಕಿದ. ಪಕ್ಕದ ಸೀಟಿನಲ್ಲಿ ಕೂತು ನಾನೇ ಎಣಿಸಿದೆ. ಚಿಲಕವನ್ನೂ ಕೂರಿಸಿದ. ಡ್ರೈವರ್ ಅಂದು ಮನೆಗೆ ಹೋಗಿ ಮಲಗಿದನಂತೆ.

ಫೋನ್ ಮಾಡದಿದ್ದರೆ ಬುಧವಾರವೇ ಮುಗಿಸುತ್ತಿದ್ದರು. ಇದು ನನ್ನಿಂದ ಹೋಗುವುದಿಲ್ಲ. ಮಗಳು ಬಿಡಮ್ಮ ಎನ್ನುತ್ತಾಳೆ. ಬಿಟ್ಟಿಲ್ಲ. ಆದರೆ ಆ ನಾಲ್ಕು ಹೆಜ್ಜೆಯನ್ನು ಯೋಚಿಸುತ್ತೇನೆ. ಹೆಂಡತಿ ಅರಚುತ್ತಿದ್ದಾಳೆ, ಬಸ್ಸಿಗೆ ಹೊತ್ತಾಗಿದೆ, ಎದೆಯಲ್ಲಿ ಆಗಲೇ ನೋವಿತ್ತೋ ಏನೋ. ಆದರೂ ತಿರುಗಿ ಬಂದರು. ಇಂಥ ಕೆಲಸದವರು ಇಡೀ ಜನ್ಮ ಚಿಂತೆಯಲ್ಲೇ ಇರುತ್ತಾರೆ. ಅವರ ಜೊತೆ ಬಾಳುವುದು ಸುಲಭವಲ್ಲ. ಊಟ ಆರುತ್ತದೆ, ಬಸ್ಸು ತಪ್ಪುತ್ತದೆ, ತಮ್ಮಂದಿರು ಮುನಿಸಿಕೊಳ್ಳುತ್ತಾರೆ. ಕಾರಿನಲ್ಲಿ ಕೂತವರು ಕೀ ತಿರುಗಿಸುವಾಗ ಏನನ್ನೂ ಯೋಚಿಸುವುದಿಲ್ಲ, ಏಕೆಂದರೆ ಅದನ್ನು ಬೇರೊಬ್ಬರು ಆಗಲೇ ಯೋಚಿಸಿ ಮುಗಿಸಿರುತ್ತಾರೆ. ಅಂಥವರು ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದರೂ, ಆ ಅರ್ಧದಿಂದ ಯಾರೂ ಸಾಯದ ಹಾಗೆ ಬಿಟ್ಟು ಹೋಗುತ್ತಾರೆ.

ಬೆಳಿಗ್ಗೆ ಎದ್ದು ನಾನು ಮನೆ ಗುಡಿಸುತ್ತೇನೆ. ಕಸವನ್ನು ಮೊರಕ್ಕೆ ತೆಗೆದು, ಚೆಲ್ಲುವ ಮೊದಲು ಬೆಳಕಿಗೆ ಹಿಡಿದು ಬೆರಳಾಡಿಸುತ್ತೇನೆ. ಹಾಸುಗಲ್ಲಿನ ಸಂದುಗಳಿಂದ ಈಗಲೂ ಅವರ ಕೋಟಿನ ಜೇಬಿಂದ ಉದುರಿದ, ಬಿಲ್ಲೆಯ ಕೆಳಗೆ ಕೂರುವ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗುಗಳು ಬರುತ್ತವೆ. ಯಾರ ಬೀಗಕ್ಕೆ ಸೇರಬೇಕಾದದ್ದೋ ತಿಳಿಯದು. ನೋಡದೆ ಮಾತ್ರ ಚೆಲ್ಲುವುದಿಲ್ಲ.