ಒಪ್ಪಿಗೆಯ ವಾಕ್ಯ

"ಆ ಒಂದು ವಾಕ್ಯ ಹೇಳಿಬಿಡಪ್ಪಾ, ಮುಗೀತು," ಎಂದರು ರಿಯರ್ ಅಡ್ಮಿರಲ್ ಸ್ಪರ್ಲಿಂಗ್, ಮೂತ್ರದ ತೊಟ್ಟಿಯ ಮೇಲಿನ ಬಿಳಿ ಹೆಂಚನ್ನೇ ದಿಟ್ಟಿಸುತ್ತಾ.

ಪಕ್ಕದ ತೊಟ್ಟಿಯ ಮುಂದೆ ಕಮಾಂಡರ್ ಕ್ಲೆಮೆಂಟ್ ಟೋಜರ್ ನಿಂತಿದ್ದ. ಇಂಥ ಜಾಗದಲ್ಲಿ ಮೇಲಧಿಕಾರಿಗೆ ಸೆಲ್ಯೂಟ್ ಹೊಡೆಯುವ ಹಾಗಿಲ್ಲ, ಮುಖ ನೋಡುವ ಹಾಗೂ ಇಲ್ಲ. ಅದಕ್ಕೇ ಇರಬೇಕು, ಕಷ್ಟದ ಮಾತುಗಳನ್ನೆಲ್ಲ ಸ್ಪರ್ಲಿಂಗ್ ಇಲ್ಲೇ ಆಡುತ್ತಿದ್ದರು.

"ಮಂತ್ರಿಮಂಡಲ ಬೆಳಿಗ್ಗೆಯೇ ತೀರ್ಮಾನ ಮಾಡಿದೆ. ಹೊಸ ವಿಮಾನವಾಹಕ ಹಡಗು ಇಲ್ಲ. ಇರೋ ಹಳೇವನ್ನ ಸವೆಯೋ ತನಕ ಓಡಿಸೋದು, ಆಮೇಲೆ ಗುಜರಿಗೆ. ಮಧ್ಯಾಹ್ನ ಪಾರ್ಲಿಮೆಂಟಲ್ಲಿ ಹೇಳ್ತಾರೆ."

"ಹಾಗಾದ್ರೆ ಹಡಗು ಬೇಕೋ ಬೇಡವೋ ಅಂತ ಇವತ್ತು ಕಾಲೇಜಲ್ಲಿ ಈ ಚರ್ಚೆ ಯಾಕೆ ಸಾರ್?"

"ಅಷ್ಟೂ ಜನಕ್ಕೆ ಕುರಿಮಾಂಸ ಬೇಯಿಸಿಯಾಗಿದೆಯಲ್ಲಪ್ಪಾ."

ಸ್ಪರ್ಲಿಂಗ್ ಕೈ ತೊಳೆದುಕೊಂಡು ಟವೆಲ್ಲಿನಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಅವರು ಎಂದೂ ವಿಮಾನ ಹಾರಿಸಿದವರಲ್ಲ, ಅಷ್ಟೇ. ಟೋಜರ್‌ನಂಥ ನೌಕಾಪಡೆಯ ಪೈಲಟ್‌ಗಳು ಇಂಥವರನ್ನು ಬೆನ್ನ ಹಿಂದೆ ಮೀನುತಲೆ ಎನ್ನುತ್ತಿದ್ದರು. ಹಡಗಿನ ಪರವಾಗಿ ಎಷ್ಟು ಬೇಕಾದರೂ ವಾದಿಸು, ಯಾರೂ ತಡೆಯುವುದಿಲ್ಲ, ಕೊನೆಗೆ ಮಾತ್ರ 'ಸರ್ಕಾರ ಏನು ತೀರ್ಮಾನಿಸಿದರೂ ನೌಕಾಪಡೆಗೆ ಅದು ಒಪ್ಪಿಗೆ' ಎಂದು ಮುಗಿಸು ಎಂದು ಅವರು ಮತ್ತೊಮ್ಮೆ ತಾಳ್ಮೆಯಿಂದ ತಿಳಿಸಿ ಹೇಳಿದರು. ಹಾಗೆ ಮುಗಿಸಿದರೆ ಬೇಸಗೆಯ ಹೊತ್ತಿಗೆ ಟೋಜರ್ ಕ್ಯಾಪ್ಟನ್ ಆಗುತ್ತಾನೆ, ಲಿಸ್ಬನ್ನಿನ ರಾಯಭಾರ ಕಚೇರಿಗೆ ಹೋಗುತ್ತಾನೆ. ಮುಗಿಸದಿದ್ದರೆ ಏನೆಂಬುದನ್ನು ಅವರು ಹೇಳಲಿಲ್ಲ. ಕನ್ನಡಿ ನೋಡಿ ಟೈ ಸರಿಮಾಡಿಕೊಂಡರು.

ಆ ವಾಕ್ಯದ ವಿಷಯ, ಲಿಸ್ಬನ್ನಿನ ವಿಷಯ ಎರಡೂ ಹೆಂಡತಿ ಮ್ಯೂರಿಯಲ್‌ಗೆ ಆಗಲೇ ಗೊತ್ತಿತ್ತು. ಬೆಳಿಗ್ಗೆ ತಿಂಡಿಯ ಮುಂದೆ ಕೂತು, ಅಲ್ಲಿ ಚಳಿಗಾಲದಲ್ಲೂ ಕಿಟಕಿ ತೆಗೆದಿಡಬಹುದಂತೆ ಎಂದಿದ್ದಳು. ಅವನು ಟೋಸ್ಟಿಗೆ ಬೆಣ್ಣೆ ಸವರುತ್ತಾ ಹೂಂಗುಟ್ಟಿದ್ದ. ಹದಿನೆಂಟು ವರ್ಷದ ಸಂಸಾರದಲ್ಲಿ ಅವನ ಹೂಂ ಯಾವುದು ಹೌದು, ಯಾವುದು ಅಲ್ಲ ಎಂದು ಅವಳು ಕಂಡುಕೊಂಡಿದ್ದಳು. ಆದರೂ ಕಾಣದವಳ ಹಾಗೆ ಚಹಾ ಬಗ್ಗಿಸಿದ್ದಳು.

ಮೂರು ಪಡೆಗಳ ಅಧಿಕಾರಿಗಳೂ ಓದುವ ಆ ಕಾಲೇಜಿನ ಸಭಾಂಗಣ ತುಂಬಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕೆ ಇಷ್ಟು ಜನ ಇಸ್ತ್ರಿ ಮಾಡಿದ ಉಡುಪಿನಲ್ಲಿ ಬಂದು ಕೂತಿದ್ದಾರೆ ಎನ್ನಿಸಿತು ಟೋಜರ್‌ಗೆ. ಎಷ್ಟು ಮಂದಿಗೆ ಸುದ್ದಿ ಗೊತ್ತು ಎಂದು ಮುಖಗಳನ್ನು ನೋಡಿದ. ಎಲ್ಲರೂ ಅವನ ಕಡೆ ಮೃದುವಾಗಿ ನಗುತ್ತಿದ್ದರು. ಅಂದರೆ ಎಲ್ಲರಿಗೂ ಗೊತ್ತು.

ವಾಯುಪಡೆಯ ಪರವಾಗಿ ಮೊದಲು ಮಾತಾಡಿದವನು ಗ್ರೂಪ್ ಕ್ಯಾಪ್ಟನ್ ರಡ್‌ಕಿನ್. ದಪ್ಪ ಮೀಸೆಯ, ಸುಖವಾಗಿ ಉಣ್ಣುವ ಮನುಷ್ಯ. ಭೂಪಟದ ಮೇಲೆ ಕೋಲು ಆಡಿಸುತ್ತಾ, ದ್ವೀಪದಿಂದ ದ್ವೀಪಕ್ಕೆ ತನ್ನ ವಿಮಾನಗಳು ಹಾರುವ ವೃತ್ತಗಳನ್ನು ತೋರಿಸಿದ. ದ್ವೀಪ ಎಂದರೆ ಯಾರೂ ಮುಳುಗಿಸಲಾಗದ ಹಡಗು, ಅದಕ್ಕೆ ಕಾವಲು ನೌಕೆ ಬೇಡ, ಎರಡು ಸಾವಿರ ಜನಕ್ಕೆ ಊಟ ಹಾಕುವ ಕೆಲಸವಿಲ್ಲ ಎಂದ. ವಿಮಾನವಾಹಕ ಹಡಗು ಎಂದರೆ ಅಡ್ಮಿರಲ್‌ಗಳು ಸ್ನಾನದ ತೊಟ್ಟಿಯಲ್ಲಿ ಆಡಿಕೊಳ್ಳುವ ದುಬಾರಿ ಆಟಿಕೆ ಎಂದಾಗ ಸಭೆ ನಕ್ಕಿತು. ಸ್ಪರ್ಲಿಂಗ್ ಕೂಡ ಅಳತೆಯಲ್ಲಿ ನಕ್ಕರು.

ಟೋಜರ್ ಎದ್ದ. ಬರೆದು ತಂದದ್ದನ್ನು ಮೇಜಿನ ಮೇಲೆ ಮಗುಚಿಟ್ಟ.

ದ್ವೀಪಗಳು ಯಾರವು ಎಂದು ಕೇಳಿದ. ಗ್ರೂಪ್ ಕ್ಯಾಪ್ಟನ್ನರು ಕೋಲಿನಿಂದ ಮುಟ್ಟಿದ ಒಂದೊಂದು ಚುಕ್ಕೆಯಲ್ಲೂ ಜನ ಇದ್ದಾರೆ, ಅವರು ನಮ್ಮ ಬಾವುಟವನ್ನು ಮಡಿಸಿ ನಮ್ಮ ಕೈಗೇ ಕೊಡುತ್ತಿದ್ದಾರೆ, ಇವತ್ತು ಇಳಿಯಲು ಬಿಟ್ಟವರು ನಾಳೆ ಬಿಡದಿದ್ದರೆ ವಾಯುಪಡೆ ಎಲ್ಲಿ ಇಳಿಯುತ್ತದೆ ಎಂದು ಕೇಳಿದ. ಹಡಗು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ ಎಂದ. ಮಾತು ತಾನಾಗಿ ಬರುತ್ತಿತ್ತು. ದನಿ ಚೆನ್ನಾಗಿತ್ತು. ಆ ದನಿಯ ಹಿಂದೆ ಕೂತು ಅವನು ಕೇಳಿಸಿಕೊಳ್ಳುತ್ತಿದ್ದ. ಅಪ್ಪಣೆ ಕೇಳದೆ ಯಾರ ಬಾಗಿಲಿಗೆ ಹೋಗಬೇಕಾಗಿದೆ ಈಗ ಎಂಬ ಪ್ರಶ್ನೆಗೆ ದನಿಯಲ್ಲಿ ಉತ್ತರವಿರಲಿಲ್ಲ. ಅದನ್ನು ಅವನು ಯಾರಿಗೂ ಹೇಳುವವನಲ್ಲ.

ಅವನಿಗೆ ನಿಜವಾಗಿ ಹೇಳಬೇಕಾಗಿದ್ದದ್ದು ಬೇರೆ. ಗಂಟೆಗಟ್ಟಲೆ ಬರೀ ನೀರಿನ ಮೇಲೆ ಹಾರಿ, ಹಡಗಿನ ಹಿಂಭಾಗಕ್ಕೆ ಮೂತಿ ಹಿಡಿದು ಇಳಿದು ಬರುವಾಗ, ಒಮ್ಮೊಮ್ಮೆ ಬೆಳಗಿನ ಹೊತ್ತು, ಎಣ್ಣೆಹೊಗೆಯ ನಡುವೆ ಬ್ರೆಡ್ ಬೇಯುವ ವಾಸನೆ ಬರುತ್ತಿತ್ತು. ಸಮುದ್ರದ ನಟ್ಟನಡುವೆ ಯಾರೋ ಒಲೆ ಹಚ್ಚಿದ್ದಾರೆ ಎಂಬ ವಾಸನೆ. ಅಷ್ಟು ಖಚಿತವಾಗಿ ತನ್ನನ್ನು ಕಾಯುತ್ತಿರುವ ಜಾಗವೊಂದನ್ನು ಅವನು ನೆಲದ ಮೇಲೆ ಕಂಡಿರಲಿಲ್ಲ, ತನ್ನ ಮನೆಯಲ್ಲೂ. ಆದರೆ ಇದು ರಕ್ಷಣಾ ನೀತಿಯಲ್ಲ.

ಮುಗಿಸುವ ಹೊತ್ತು ಬಂತು. ಮೊದಲ ಸಾಲಿನಲ್ಲಿ ಸ್ಪರ್ಲಿಂಗ್ ತಲೆಯನ್ನು ಎಷ್ಟು ಬೇಕೋ ಅಷ್ಟೇ ಆಡಿಸಿದರು.

"ಸರ್ಕಾರ ಏನು ತೀರ್ಮಾನಿಸಿದೆ ಅನ್ನೋದು ನನಗೂ ಗೊತ್ತು, ನಿಮಗೂ ಗೊತ್ತು," ಎಂದ ಟೋಜರ್. "ನೌಕಾಪಡೆಗೆ ಅದು ಒಪ್ಪಿಗೆ ಇಲ್ಲ."

 ಚಪ್ಪಾಳೆ ಎದ್ದಿತು. ಅವನು ಬೈಗುಳಕ್ಕೆ ತಯಾರಾಗಿದ್ದ, ಮೌನಕ್ಕೂ ತಯಾರಾಗಿದ್ದ. ಈ ಚಪ್ಪಾಳೆಗೆ ತಯಾರಾಗಿರಲಿಲ್ಲ. ಅದು ದೀರ್ಘವಾಗಿ, ಬೆಚ್ಚಗೆ, ಸಾವಿನ ಮನೆಯಲ್ಲಿ ಕೈ ಹಿಡಿದು ಅದುಮುವವರ ಹಾಗೆ ಬಂತು.

ಕಾಲೇಜಿನ ಪದ್ಧತಿಯಂತೆ ಕೈ ಎತ್ತಿಸಿದರು. ಹಡಗು ಬೇಕೆನ್ನುವವರು? ನೌಕಾಪಡೆಯವರೆಲ್ಲ ಎತ್ತಿದರು. ಭೂಸೇನೆಯವರು ಎತ್ತಿದರು. ವಾಯುಪಡೆಯ ಸಾಲಿನಲ್ಲೂ ಕೈಗಳು ಎದ್ದವು. ಕೊನೆಗೆ ರಡ್‌ಕಿನ್ ತಾನೇ ಎದ್ದು ನಿಂತು, ನಗುತ್ತಾ, ದಪ್ಪ ಕೈಯನ್ನು ಮೇಲೆತ್ತಿದ. ಹಡಗು ಭಾರೀ ಬಹುಮತದಿಂದ ಗೆದ್ದಿತು.

ಇಳಿಸ್ರಯ್ಯಾ ಕೈನ, ಎಂದು ಕೂಗಬೇಕೆನ್ನಿಸಿತು ಟೋಜರ್‌ಗೆ. ಮೇಜಿನ ಮೇಲೆ ಮಗುಚಿಟ್ಟಿದ್ದ ಹಾಳೆಗಳನ್ನು ಎತ್ತಿಕೊಂಡ.

"ಗೆದ್ದೆಯಲ್ಲಯ್ಯಾ," ಎಂದು ರಡ್‌ಕಿನ್ ಬೆನ್ನು ತಟ್ಟಿದ. "ಏಡಿಗಳ ಕೈಲೂ ಓಟು ಹಾಕಿಸಿಕೊಂಡ ಮೊದಲನೇ ನಾವಿಕ ನೀನು." ನಾವಿಕರು ವಾಯುಪಡೆಯವರನ್ನು ಏಡಿಗಳೆಂದು ಆಡಿಕೊಳ್ಳುವುದು ರಡ್‌ಕಿನ್‌ಗೆ ಗೊತ್ತಿತ್ತು, ನಿಜವಾಗಿ ಗೆದ್ದವನಿಗೆ ಯಾವ ಅಡ್ಡಹೆಸರೂ ಚುಚ್ಚುವುದಿಲ್ಲ.

"ನೀನು ಯಾಕೆ ಎತ್ತಿದೆ?"

"ಮಾತು ಚೆನ್ನಾಗಿತ್ತು ಮಾರಾಯಾ."

ಊಟ ವಿಧ್ಯುಕ್ತವಾಗಿತ್ತು. ಕುರಿಮಾಂಸ, ಪುದೀನದ ಗೊಜ್ಜು, ಪ್ರಾಣ ಹೋಗುವಷ್ಟು ಬೇಯಿಸಿದ ಕೋಸು. ಟೋಜರ್ ಪಕ್ಕದಲ್ಲಿ ಕೂತಿದ್ದವನು ಅವನ ಕೈಯಲ್ಲೇ ಹಾರಾಟ ಕಲಿತಿದ್ದ ಲೆಫ್ಟಿನೆಂಟ್ ವಿಲ್ಮಟ್. ನಿಮ್ಮ ಮಾತು ಕೇಳಿ ಮೈ ಜುಂ ಎಂದಿತು, ನಾವೆಲ್ಲ ನಿಮ್ಮ ಹಿಂದೆ ಇದ್ದೇವೆ ಎಂದ. ಆಮೇಲೆ, ತನ್ನನ್ನು ವಾಯುಪಡೆಗೆ ತೆಗೆದುಕೊಳ್ಳುತ್ತಾರಂತೆ, ರಡ್‌ಕಿನ್ ಸಾಹೇಬರು ಮಾತು ಕೊಟ್ಟಿದ್ದಾರೆ ಎಂದು ಕೋಸನ್ನು ಕತ್ತರಿಸುತ್ತಾ ಹೇಳಿದ.

ಪೋರ್ಟ್ ವೈನಿನ ಸೀಸೆ ಪದ್ಧತಿಯಂತೆ ಎಡಗಡೆಗೇ ದಾಟುತ್ತಾ ಮೇಜು ಸುತ್ತಿ ಬಂತು. ರಾಣಿಯ ಹೆಸರಿನಲ್ಲಿ ಕುಡಿಯುವ ಹೊತ್ತು. ನೌಕಾಪಡೆಯವರು ಈ ಒಂದು ಗುಟುಕನ್ನು ಕೂತೇ ಕುಡಿಯುತ್ತಾರೆ. ಹಿಂದೆ ಯಾವನೋ ರಾಜ ಹಡಗಿನಲ್ಲಿ ಗೌರವಕ್ಕೆಂದು ಎದ್ದು ತೊಲೆಗೆ ತಲೆ ಬಡಿಸಿಕೊಂಡನಂತೆ. ಅಂದಿನಿಂದ ಕೂತಿರುವ ಹಕ್ಕು ಅವರದು. ಆದರೆ ಈ ಕಾಲೇಜು ಮೂರು ಪಡೆಗಳದು. ಇಲ್ಲಿ ಎಲ್ಲರೂ ಏಳಬೇಕು. ಎಷ್ಟೋ ವರ್ಷದಿಂದ ನಾವಿಕರೂ ಇಲ್ಲಿ ಏಳುತ್ತಾರೆ. ಟೋಜರ್ ಕೂಡ ಪ್ರತಿ ಸಲ ಎದ್ದಿದ್ದಾನೆ.

ಕುರ್ಚಿಗಳು ಹಿಂದೆ ಸರಿದವು. ಎಲ್ಲರೂ ಎದ್ದರು.

ಟೋಜರ್ ಕೂತಿದ್ದ.

"ಸಾರ್," ಎಂದ ವಿಲ್ಮಟ್, ತುಟಿ ಅಲ್ಲಾಡಿಸದೆ. "ಇಲ್ಲಿ ಏಳ್ಬೇಕು ಸಾರ್."

ಟೋಜರ್‌ನ ಕಣ್ಣಿನ ಮಟ್ಟಕ್ಕೆ ಈಗ ಇದ್ದದ್ದು ಬರೀ ಸೊಂಟಗಳು, ಹೊಟ್ಟೆಗಳು, ಹಿತ್ತಾಳೆಯ ಗುಂಡಿಗಳು. ಯಾವುದು ನೌಕಾಪಡೆಯ ಹೊಟ್ಟೆ, ಯಾವುದು ವಾಯುಪಡೆಯದು ಎಂದು ಬಟ್ಟೆಯ ಬಣ್ಣ ನೋಡಿಯೇ ಹೇಳಬೇಕಿತ್ತು. ಮೇಲೆ, ಎಲ್ಲೋ ದೂರದಲ್ಲಿ, ಗಂಡಸರ ದನಿಗಳು ರಾಣಿಯ ಹೆಸರು ಹೇಳಿದವು. ಅವನೂ ಹೇಳಿದ, ಕೂತಲ್ಲೇ. ಗುಟುಕು ಗಂಟಲಲ್ಲಿ ಇಳಿಯಿತು. ಮೈಯಲ್ಲಿ ಒಂದು ಬಿಸಿ ಹರಡಿತು. ಇಷ್ಟಾದರೂ ನನ್ನದು ಎಂದುಕೊಂಡ.

ಸಾಲು ಕದಲಿದಾಗ ರಡ್‌ಕಿನ್ ನಿಜವಾದ ಕಳವಳದಿಂದ ಬಳಿಗೆ ಬಂದ.

"ಮೊಣಕಾಲಾ? ನಮ್ಮಣ್ಣನಿಗೂ ಹಿಂಗೇ ಆಗಿತ್ತು. ಎಪ್ಸಮ್ ಉಪ್ಪು ಹಾಕಿ ಬಿಸಿನೀರಲ್ಲಿ ಇಟ್ಕೋ."

"ಮೊಣಕಾಲಲ್ಲ."

"ಅಡ್ಮಿರಲ್ ಹೇಳಿದ್ರಲ್ಲ."

ಸ್ಪರ್ಲಿಂಗ್ ಬಾಗಿಲ ಹತ್ತಿರ ಕೋಟು ಹಾಕಿಸಿಕೊಳ್ಳುತ್ತಿದ್ದರು. ಟೋಜರ್ ನೇರ ಅಲ್ಲಿಗೆ ಹೋದ. ಅವರು ಮೆಲ್ಲಗೆ, ಕಾಯಿಲೆಯವನ ಹತ್ತಿರ ಆಡುವ ದನಿಯಲ್ಲಿ ಆಡಿದರು. ಊಟದ ಅಧ್ಯಕ್ಷರಿಗೆ ಮೊಣಕಾಲೆಂದು ತಿಳಿಸಿಯಾಗಿದೆ. ಬೆಳಗಿನ ಮಾತಿನ ಕೊನೆ ಅವನ ಸ್ವಂತ ಅಭಿಪ್ರಾಯವೆಂದೂ, ನೌಕಾಪಡೆಗೆ ತೀರ್ಮಾನ ಒಪ್ಪಿಗೆಯೆಂದೂ ಸಭೆಯ ವರದಿಯಲ್ಲಿ ಹೋಗುತ್ತದೆ. ಯಾರಿಗೂ ಏನೂ ಆಗಿಲ್ಲ. ಲಿಸ್ಬನ್ ಕೂಡ ಇನ್ನೂ ಇದೆ.

"ನೀನು ಒಂದು ಹೂಂ ಅನ್ನು ಸಾಕು."

"ನನ್ನ ಮೊಣಕಾಲು ನೆಟ್ಟಗಿದೆ ಸಾರ್."

ಅವನು ಎಷ್ಟು ಗಟ್ಟಿಯಾಗಿ ಹೇಳಿದನೆಂದರೆ, ಕೋಟು ಹಿಡಿದಿದ್ದ ಆಳು ನೆಲ ನೋಡಿದ. ಸ್ಪರ್ಲಿಂಗ್ ತೋಳು ತೂರಿಸುವುದನ್ನು ಅರ್ಧಕ್ಕೇ ನಿಲ್ಲಿಸಿ, ಮೊದಲ ಸಲ ಅವನ ಮುಖವನ್ನು ನೋಡಿದರು. "ಹಾಗಾದ್ರೆ ಸರಿ," ಎಂದರು. ಲಿಸ್ಬನ್ನಿನ ಬಾಗಿಲು ಮುಚ್ಚಿದ್ದು ಅಷ್ಟು ಸಣ್ಣ ಸದ್ದಿನಲ್ಲಿ.

ಕಾಲೇಜಿನ ಫೋನಿನಿಂದ ಮನೆಗೆ ಮಾಡಿದ.

"ಹೇಳಿದ್ಯಾ?" ಎಂದಳು ಮ್ಯೂರಿಯಲ್.

"ಗೆದ್ದೆ. ರಡ್‌ಕಿನ್ ಕೂಡ ಕೈ ಎತ್ತಿದ."

"ಅದನ್ನ ಕೇಳಲಿಲ್ಲ ನಾನು."

"ಹೇಳಲಿಲ್ಲ."

ತಂತಿಯ ಆ ತುದಿಯಲ್ಲಿ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ರಿಪೇರಿ ಮಾಡುತ್ತೇನೆಂದು ಹೇಳುತ್ತಲೇ ಬಂದಿದ್ದ.

"ನಿನ್ನನ್ನ ಆ ಹಡಗಲ್ಲಿ ಕಾಯ್ತಾ ಇರೋದು ಯಾರು ಕ್ಲೆಮ್?" ಎಂದಳು. ಕೋಪವಿರಲಿಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವಳಿಗೆ. ಅವನು ಬ್ರೆಡ್ಡಿನ ವಿಷಯ ಹೇಳಲು ಬಾಯಿ ತೆರೆದ. ಹೇಳಿದ್ದು, ಸಂಜೆ ತಡವಾಗುತ್ತದೆ ಎಂದು.

ದಕ್ಷಿಣಕ್ಕೆ ಕಾರು ಓಡಿಸಿದ. ರೇಡಿಯೋದಲ್ಲಿ ಸುದ್ದಿ ಬಂತು. ಹಡಗು ರದ್ದು, ಮಂತ್ರಿಯೊಬ್ಬರು ವಿಷಾದಿಸಿದರು, ಆಮೇಲೆ ಕುದುರೆ ಪಂದ್ಯ. ಕ್ಲಚ್ ಒತ್ತುವಾಗ ಎಡ ಮೊಣಕಾಲು ನಿಜಕ್ಕೂ ನೋಯುತ್ತಿದೆಯೇನೋ ಎನ್ನಿಸಿತು. ಇಲ್ಲ ಎಂದು ಮತ್ತಷ್ಟು ಬಲವಾಗಿ ಒತ್ತಿದ.

ಅವನು ಕಲಿಸುವ ವಿಮಾನ ನಿಲ್ದಾಣ ಕಡಲ ದಂಡೆಯ ಹತ್ತಿರ. ಅಲ್ಲಿಯ ಓಡುದಾರಿಯ ಮೇಲೆ ಒಂದು ಹಡಗು ಇತ್ತು. ಅಂದರೆ, ಹಡಗಿನಲ್ಲಿ ವಿಮಾನ ಇಳಿಯುವ ಮೇಲ್ತಟ್ಟನ್ನು ಅದರ ನಿಜವಾದ ಅಳತೆಯಲ್ಲಿ, ಬಿಳಿ ಬಣ್ಣದಲ್ಲಿ, ಟಾರಿನ ಮೇಲೆ ಬರೆದಿದ್ದರು. ಹೊಸ ಪೈಲಟ್‌ಗಳು ಮೊದಲು ಇದರ ಮೇಲೆ ಇಳಿದಿಳಿದು ಕೈ ಪಳಗಿಸಿಕೊಂಡು ಆಮೇಲೆ ಕಡಲಿಗೆ ಹೋಗುತ್ತಿದ್ದರು. ಗೆರೆಯ ಆಚೆ ಚಕ್ರ ಹೋದರೆ, ಆಚೆ ಇರುವುದು ಹುಲ್ಲೇ ಆದರೂ, ಸತ್ತೆ ಎಂದು ಟೋಜರ್ ಬೈಯುತ್ತಿದ್ದ.

ಇವತ್ತು ಹಾರಾಟ ಇರಲಿಲ್ಲ. ಕಪ್ಪು ಬಣ್ಣದ ಪೀಪಾಯಿ, ಉದ್ದ ಕೋಲಿನ ಕುಂಚ ಹಿಡಿದ ಒಬ್ಬ ಮುದುಕ ಗೆರೆಗಳನ್ನು ಅಳಿಸುತ್ತಿದ್ದ. ಹಿಂಭಾಗವೆಲ್ಲ ಹೋಗಿತ್ತು. ನಿನ್ನೆಯೇ ಹೇಳಿಕಳಿಸಿದ್ದರು, ನಿನ್ನೆ ಇಬ್ಬನಿ ಇತ್ತು, ಅದಕ್ಕೇ ಇವತ್ತು ಎಂದ ಮುದುಕ.

ನಿನ್ನೆ, ಮಂತ್ರಿಮಂಡಲ ತೀರ್ಮಾನಿಸುವ ಮೊದಲೇ. ಟೋಜರ್ ನಡೆದು ಹೋಗಿ ಮುಂಭಾಗದ ತುದಿಯಲ್ಲಿ, ಬಿಳಿ ಗೆರೆಯ ಮೇಲೆಯೇ ನಿಂತ. ಎದುರಿಗೆ ಹುಲ್ಲು, ಹುಲ್ಲಿನಾಚೆ ಬೇಲಿ, ಬೇಲಿಯಾಚೆ ಯಾರದೋ ಹಸುಗಳು.

ಮುದುಕ ಬಣ್ಣ ಎಳೆಯುತ್ತಾ ಎಳೆಯುತ್ತಾ ಅವನ ಹತ್ತಿರ ಬಂದ.

"ಸ್ವಲ್ಪ ಆ ಕಡೆ ಸರೀತೀರಾ ಸಾಹೇಬ್ರೆ?"

"ಇಲ್ಲ."

ಮುದುಕ ಅವನನ್ನು ನೋಡಿದ. ಅಧಿಕಾರಿಗಳ ಜೊತೆ ವಾದಿಸುವುದು ಅವನ ಕೆಲಸವಾಗಿರಲಿಲ್ಲ. ಕುಂಚವನ್ನು ಅದ್ದಿ, ಬೂಟಿಗೆ ತಾಗದಂತೆ ಎಚ್ಚರವಹಿಸಿ, ಸುತ್ತಲೂ ಬಳಿದ. ಎಡಕ್ಕೆ ಬಳಿದ, ಹಿಂದೆ ಬಳಿದ, ಬಲಕ್ಕೆ ಬಳಿದ, ಮುಂದೆ ಹುಲ್ಲಿನ ಅಂಚಿನವರೆಗೂ ಅಗಲವಾಗಿ ಬಳಿದ. ಪೀಪಾಯಿ ಎತ್ತಿಕೊಂಡು ಹೊರಟ.

"ಒಣಗೋಕೆ ಹೊತ್ತು ಹಿಡಿಯುತ್ತೆ ಸಾಹೇಬ್ರೆ. ಈ ತೇವಕ್ಕೆ ಬೆಳಗಾದ್ರೂ ಆಗ್ಬಹುದು."

ಟೋಜರ್ ತಿರುಗಲಿಲ್ಲ. ಕಾಲ ಕೆಳಗೆ ಎರಡು ಬೂಟಿನಷ್ಟು ಬಿಳಿ ಉಳಿದಿತ್ತು. ಅದರ ಸುತ್ತ, ಹೊಳೆಯುವ ಕಪ್ಪು, ಗಾಳಿ ಇಲ್ಲದ ದಿನದ ನೀರಿನ ಹಾಗೆ, ಅಲುಗದೆ ನಿಂತಿತ್ತು.